ಎರಡನೆಯ ಎಲೆ

“ಅವ್ವ, ನಾಳೆ ಕೆಲಸದ ಸಂದರ್ಶನಕ್ಕೆ ಹೋಗುತ್ತಿದ್ದೇನೆ. ಕೇಳಬಹುದಾದದ್ದನ್ನೆಲ್ಲ ಓದಿಕೊಂಡಿದ್ದೇನೆ. ಎಣಿಸಿಯೇ ಇರದ ಪ್ರಶ್ನೆ ಕೇಳಿಬಿಟ್ಟರೆ ಏನು ಮಾಡಲಿ?” ಎಂದು ಶಿಷ್ಯ ಕೇಳಿದ.

“ಹೀಗೆ ಬಾ ಮಗಾ, ನೆಮ್ಮದಿಯಾಗಿ ಕೂತುಕೋ. ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ,” ಎಂದು ಗುರುವವ್ವ ಶುರುಮಾಡಿದಳು.

ಒಬ್ಬ ವರ್ತಕನಿಗೆ ಉಗ್ರಾಣ ಕಾಯಲು ಆಳು ಬೇಕಾಗಿತ್ತು. ಇಬ್ಬರು ಬಂದರು. ಮೊದಲನೆಯವನು ಮಾತುಗಾರ. ಅವನ ಮನೆಯ ಒಲೆ ಹೊತ್ತುವುದು ಈ ಕೆಲಸದ ಮೇಲೆ ನಿಂತಿತ್ತು. ಹಾಗಾಗಿ ದಾರಿಯುದ್ದಕ್ಕೂ ತಾನೇ ಕೇಳಿಕೊಂಡು, ತಾನೇ ಉತ್ತರ ಹೇಳಿಕೊಂಡು ಬಂದಿದ್ದ. ಇಲಿ ಬಿದ್ದರೆ ಏನು ಮಾಡುತ್ತೀ, ಕಾಳಿಗೆ ಹುಳ ಹಿಡಿದರೆ ಏನು ಮಾಡುತ್ತೀ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು.

ವರ್ತಕ ಅದೊಂದನ್ನೂ ಕೇಳಲಿಲ್ಲ. ಇವನ ಹೆಗಲಾಚೆ ನೋಡುತ್ತ, “ನಿನ್ನ ಜೊತೆ ಬಂದವರು ಏನು ಊಟ ಮಾಡುತ್ತಾರೆ?” ಎಂದ.

ಇವನು ಬಂದದ್ದು ಒಬ್ಬನೇ. ಆದರೆ ತಿರುಗಿ ನೋಡಿದರೆ ಉತ್ತರ ತಿಳಿಯದವನ ಹಾಗೆ ಕಾಣುತ್ತದಲ್ಲ? ಥಟ್ಟನೆ ಹೇಳಿದ: “ಅನ್ನ, ಸಾರು, ಧಣಿ. ಒಂದು ಲೋಟ ಮಜ್ಜಿಗೆ ಇದ್ದರೆ ಮತ್ತೇನೂ ಕೇಳುವವನಲ್ಲ.”

“ಅವನು ನಿನಗೆ ಏನಾಗಬೇಕು?”

“ಅಣ್ಣ, ಧಣಿ. ಒಡಹುಟ್ಟಿದವನು,” ಎಂದ, ಅಣ್ಣನೇ ಇಲ್ಲದ ಆ ಮಾತುಗಾರ.

ವರ್ತಕ ಎರಡನೆಯವನನ್ನು ಕರೆದು ಅದೇ ಪ್ರಶ್ನೆ ಹಾಕಿದ. ಅವನು ತಿರುಗಿ ಬೀದಿಯುದ್ದಕ್ಕೂ ನೋಡಿದ. “ಯಾರೂ ಕಾಣುತ್ತಿಲ್ಲ, ಧಣಿ. ನಾನು ಒಬ್ಬನೇ ಬಂದೆ ಅಂದುಕೊಂಡಿದ್ದೆ. ನಿಮಗೆ ಯಾರಾದರೂ ಕಂಡರೇ?”

ಪಾಪ, ಇಷ್ಟಕ್ಕೇ ತಬ್ಬಿಬ್ಬಾದನಲ್ಲ ಎಂದು ಮೊದಲನೆಯವನಿಗೆ ಒಳಗೇ ನಗು ಬಂತು. ಅಷ್ಟರಲ್ಲಿ ವರ್ತಕ ಬೀಗದ ಕೈಯನ್ನು ಎರಡನೆಯವನ ಕೈಗಿಟ್ಟ.

“ನನ್ನಲ್ಲೇನು ಕುಂದು ಕಂಡಿರಿ, ಧಣಿ?”

“ಕುಂದೇನಿಲ್ಲಪ್ಪ. ಇಲ್ಲಿ ಜಾಗ ಇರುವುದು ಒಬ್ಬರಿಗೆ. ನೀವು ಇಬ್ಬರಿದ್ದೀರಿ.”

ಅವನು ವರ್ತಕನನ್ನು ಬೈದುಕೊಳ್ಳುತ್ತ ಮನೆಗೆ ನಡೆದ. ದಾರಿಯಲ್ಲಿ ಒಮ್ಮೆಯೂ ಹಿಂದೆ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ. ಒಳಗೆ ಹೆಂಡತಿ ಊಟಕ್ಕೆ ಎರಡು ಎಲೆ ಹಾಸಿದ್ದಳು.

“ಎರಡು ಯಾಕೆ?” ಎಂದ.

“ಯಾಕೆ ಅಂದರೆ? ಭಾವನವರನ್ನು ಹೊಸ್ತಿಲ ಆಚೆಗೇ ನಿಲ್ಲಿಸಿ ಬಂದಿದ್ದೀರಲ್ಲ. ಆಗಲೇ ಮಜ್ಜಿಗೆ ಕೇಳಿದರು. ಒಳಗೆ ಕರೆಯಿರಿ.”

ಆ ವರ್ತಕ ವಯಸ್ಸಾಗಿ ತೀರಿಕೊಂಡ. ಎರಡನೆಯವನು ಉಗ್ರಾಣ ನೋಡಿಕೊಳ್ಳುತ್ತಲೇ ನೆಮ್ಮದಿಯಿಂದ ಮುದುಕನಾದ. ಮೊದಲನೆಯವನ ಹೆಂಡತಿ ಈಗಲೂ ಎರಡು ಎಲೆ ಹಾಸುತ್ತಾಳೆ. ಎತ್ತುವಾಗ ಎರಡೂ ಖಾಲಿಯಾಗಿರುತ್ತವೆ. ಆದರೆ ಅವನು ಮಾತ್ರ ಬರಬರುತ್ತ ಸೊರಗುತ್ತಿದ್ದಾನೆ.

ಶಿಷ್ಯ ತನ್ನ ಬೆನ್ನ ಹಿಂದಿದ್ದ ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ ಕೇಳಿದ: “ಹಾಗಾದರೆ ಅವನ ಹಿಂದೆ ಬಂದವನು ಯಾರವ್ವ?”

“ನನಗೆ ಗೊತ್ತಿಲ್ಲ ಮಗಾ, ಗೊತ್ತು ಅಂದರೆ ನಾಳೆಯಿಂದ ನಾನೂ ಎರಡು ಎಲೆ ಹಾಸಬೇಕಾಗುತ್ತದೆ.”