ಜಾಗಟೆ ಬಾರಿಸದ ಬೆಳಗು

ವಾರಿಜಳಿಗೆ ಒಂದು ಅಭ್ಯಾಸವಿತ್ತು. ಮಠಕ್ಕೆ ಬಂದಾಗಲೆಲ್ಲ ಬಾಗಿಲಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಚಪ್ಪಲಿಗಳನ್ನು ಬಗ್ಗಿ ಜೋಡಿಸಿ, ಹೊರಮುಖವಾಗಿ ತಿರುಗಿಸಿ ಇಡುತ್ತಿದ್ದಳು. ಹೊರಡುವವರು ಸಲೀಸಾಗಿ ಮೆಟ್ಟಿಕೊಂಡು ಹೋಗುತ್ತಿದ್ದರು. ತಿರುಗಿಸಿಟ್ಟವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ.

ಅಂದು ಅವಳು ಚಪ್ಪಲಿಗಳನ್ನು ನೋಡಲೇ ಇಲ್ಲ. ನೇರವಾಗಿ ಒಳಗೆ ಬಂದು ಗುರುಗಳ ಮುಂದೆ ಕುಳಿತಳು.

"ಗುರುಗಳೇ, ಆಗದೇ ಹೋದದ್ದನ್ನು ತೋರಿಸುವುದು ಹೇಗೆ?"

"ಏನು ಆಗದೇ ಹೋಯಿತು?"

ವಾರಿಜ ಹೇಳಿದಳು. ಅವಳೂ ಅವಳ ಗೆಳತಿಯರೂ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಬಸುರಿಯರ ಮನೆಗಳಿಗೆ ಹೋಗುವುದು, ಸ್ವಲ್ಪ ಹೊತ್ತು ಕೂರುವುದು, ಕಾಲು ಊದಿದೆಯೇ, ಕಣ್ಣು ಮಂಜಾಗುತ್ತಿದೆಯೇ ಎಂದು ವಿಚಾರಿಸುವುದು, ಬೇಕೆನಿಸಿದರೆ ಹೊತ್ತು ಮೀರುವ ಮೊದಲು ಆಸ್ಪತ್ರೆಗೆ ಕರೆದೊಯ್ಯುವುದು. ಇಷ್ಟೇ ಅವರ ಕೆಲಸ. ಅದಕ್ಕೆ ಬೇಕಾದ ಗಾಡಿಯನ್ನು ದಾನಿಗಳೊಬ್ಬರು ಕೊಟ್ಟಿದ್ದರು. ಈಗ ಅವರು ಕೇಳುತ್ತಿದ್ದಾರೆ, ನಿಮ್ಮಿಂದ ಏನಾಯಿತು ತೋರಿಸಿ ಎಂದು.

"ಹೆರಿಗೆಯಾದವರನ್ನು ಕೇಳಿದರೆ, 'ನನಗೇನಾಗಿತ್ತು? ಗುಂಡುಕಲ್ಲಿನ ಹಾಗೆ ಇದ್ದೆ' ಅಂತಾರೆ. ದಾನಿಗಳು ಒಂದು ದಾರಿ ಹೇಳಿದ್ದಾರೆ. ಒಂದು ಕೇರಿಗೆ ಆರು ತಿಂಗಳು ಹೋಗಬೇಡಿ. ಹೋದ ಕೇರಿಗೂ ಹೋಗದ ಕೇರಿಗೂ ಏನು ವ್ಯತ್ಯಾಸ ಅಂತ ನೋಡೋಣ ಅಂತ. ಒಪ್ಪದಿದ್ದರೆ ಗಾಡಿ ವಾಪಸ್ಸು. ಗಾಡಿ ಹೋದರೆ ಸಂಘವೂ ಹೋದ ಹಾಗೆ. ನಾಳೆ ಉತ್ತರ ಹೇಳಬೇಕು."

ಗುರುಗಳು ಕಣ್ಣು ಮುಚ್ಚಿದರು. ಬಳಿಕ ಈ ಕತೆ ಹೇಳಿದರು.

ಒಂದು ಊರಿನ ಪಕ್ಕದಲ್ಲಿ ಒಂದು ಜವುಗು ನೆಲವಿತ್ತು. ಅದರ ಆಚೆಯ ಹಳ್ಳಿಗಳವರು ಬೆಳಿಗ್ಗೆ ಅದನ್ನು ದಾಟಿಯೇ ಈಚೆಯ ಪೇಟೆಗೆ ಬರಬೇಕಿತ್ತು. ಕೆಸರಿನ ನಡುವೆ ಗಟ್ಟಿ ನೆಲದ ಒಂದೇ ದಾರಿ. ಗುರುತಿಗೆಂದು ಕಂಬ ನೆಟ್ಟರೆ ಜವುಗು ಅದನ್ನೂ ನುಂಗುತ್ತಿತ್ತು. ಮಂಜು ಕವಿದರೆ ಮುಂದೆ ಇಟ್ಟ ಕಾಲೇ ಕಾಣುತ್ತಿರಲಿಲ್ಲ.

ಆ ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಗಂಡ ಆ ಜವುಗಿನಲ್ಲೇ ಹೋದವನು. ಅವನು ಹೋದ ಮೇಲೆ ಅವಳು ದಡದಲ್ಲಿ ಒಂದು ಜಾಗಟೆ ಕಟ್ಟಿದಳು. ನೆರೆಹೊರೆಯ ಹೆಂಗಸರೂ ಜೊತೆಗೂಡಿದರು. ಮಂಜಿನ ದಿನ ಅವಳು ಒಂದು ಪೆಟ್ಟು ಹೊಡೆದು, ಜಾಗಟೆಯ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿ, ಕಿವಿಗೊಡುತ್ತಿದ್ದಳು. ಮಂಜಿನೊಳಗಿಂದ "ಓ" ಎಂದು ಯಾರಾದರೂ ಓಗೊಡುತ್ತಿದ್ದರು. ಮತ್ತೆ ಒಂದು ಪೆಟ್ಟು. ಮತ್ತೆ "ಓ", ಇನ್ನಷ್ಟು ಹತ್ತಿರದಲ್ಲಿ. ಹಾಗೆ ಜನ ಸದ್ದನ್ನು ಹಿಡಿದು ನಡೆದು ಬರುತ್ತಿದ್ದರು.

ಹೊಲದ ಕೆಲಸ ಬಿಟ್ಟು ಕೂರುವ ಆ ಹೆಂಗಸರಿಗೆ ಒಬ್ಬ ವರ್ತಕ ಜೋಳ ಕೊಡುತ್ತಿದ್ದ. ಒಂದು ದಿನ ಅವನು ದಡಕ್ಕೆ ಬಂದ.

"ಏನವ್ವ, ವರ್ಷವೆಲ್ಲ ಢಣಢಣ ಅನ್ನಿಸ್ತೀರಿ. ಇದರಿಂದ ಬದುಕಿದವರು ಯಾರಾದರೂ ಇದ್ದರೆ ತೋರಿಸು."

"ದಾಟಿ ಬಂದವರೆಲ್ಲ ಬದುಕಿದವರೇ ಅಲ್ವಾ, ಧಣಿ?"

"ಸರಿ, ಅವರನ್ನೇ ಕೇಳೋಣ."

ಕೇಳಿದರು. ಎಣ್ಣೆ ಮಾರುವವನು, "ಜಾಗಟೆ ನಂಬಿಕೊಂಡು ಬರೋಕೆ ನಾನೇನು ಕುರುಡನಾ? ನನ್ನ ಕತ್ತೆಗೆ ದಾರಿ ಗೊತ್ತು," ಎಂದ. ಸೊಪ್ಪಿನವಳು, "ಸದ್ದಾ? ಇತ್ತೇನೋಪ್ಪ. ನಾನು ಮಗುವಿಗೆ ಹಾಡು ಹೇಳ್ತಾ ಬಂದೆ," ಎಂದಳು. ಒಬ್ಬ ಮುದುಕ ಮಾತ್ರ ಸದ್ದು ಕೇಳಿದ್ದು ನಿಜ ಎಂದ. ಕೇಳಿ ಕೇಳಿ ತಲೆನೋವು ಬಂದಿದೆ, ನಾಳೆಯಿಂದ ಸ್ವಲ್ಪ ಮೆಲ್ಲಗೆ ಬಾರಿಸಿ ಎಂದ.

ವರ್ತಕ ನಕ್ಕ. "ಒಂದು ದಿನ ಬಾರಿಸದೆ ಇದ್ದು ನೋಡು. ಆಗ ಎಲ್ಲ ಗೊತ್ತಾಗುತ್ತೆ."

ಹೆಂಗಸು ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಜೋಳ ನಿಂತೀತೆಂಬ ಹೆದರಿಕೆಯೊಂದೇ ಅಲ್ಲ. ಗಂಡ ಹೋದಾಗ ಜಾಗಟೆ ಇರಲಿಲ್ಲ. ಇದ್ದಿದ್ದರೆ ಅವನು ಬರುತ್ತಿದ್ದನೇ? ಅದು ಅವಳಿಗೂ ಗೊತ್ತಾಗಬೇಕಿತ್ತು.

ಮಂಜು ಕವಿದ ಒಂದು ಬೆಳಿಗ್ಗೆ ಪರೀಕ್ಷೆ ಶುರುವಾಯಿತು. ಹೆಂಗಸು ಜಾಗಟೆ ಹೊಡೆಯುವ ಕೊಡತಿಯನ್ನು ಮಡಿಲಲ್ಲಿ ಇಟ್ಟುಕೊಂಡು ಜಾಗಟೆಯ ಕೆಳಗೆ ಕುಳಿತಳು. ವರ್ತಕ ಪಕ್ಕದಲ್ಲಿ ಕುಳಿತ. ಎಣ್ಣೆಯವನು ಬಂದ. ಸೊಪ್ಪಿನವಳು ಬಂದಳು. ಮುದುಕನೂ ಬಂದು, "ಅಬ್ಬ, ಇವತ್ತು ನೆಮ್ಮದಿಯಾಗಿದೆ," ಎಂದು ಹೋದ. ದಿನಾ ಬರುವವರೆಲ್ಲ ಬಂದರು.

ಆಮೇಲೆ ಮಂಜಿನ ನಡುವೆ ಯಾರೋ ಕೆಮ್ಮಿದಂತಾಯಿತು. ಹೆಂಗಸು ಕೊಡತಿ ಎತ್ತಿದಳು. ವರ್ತಕ ಕೈ ಅಡ್ಡ ಹಿಡಿದ.

"ಈಗ ಬಾರಿಸಿದರೆ ಪರೀಕ್ಷೆ ಕೆಟ್ಟುಹೋಗುತ್ತೆ."

ಅವಳು ಕೊಡತಿ ಇಳಿಸಿದಳು. ಕೆಮ್ಮು ಮತ್ತೆ ಕೇಳಲಿಲ್ಲ.

ಬಿಸಿಲೇರಿ ಮಂಜು ಕರಗಿತು. ಜವುಗು ಆಗತಾನೇ ಸಾರಿಸಿದ ನೆಲದ ಹಾಗೆ ನುಣ್ಣಗೆ ಕಂಡಿತು. ಒಂದು ಹೆಜ್ಜೆಯ ಗುರುತಿಲ್ಲ. "ನೋಡಿದೆಯಾ? ಯಾರೂ ಮುಳುಗಿಲ್ಲ," ಎಂದು ವರ್ತಕ ಎದ್ದು ಹೋದ. ಅಂದೂ ಆಮೇಲೂ, ನಮ್ಮವರು ಈ ಕಡೆ ಬಂದರೇ ಎಂದು ಕೇಳಿಕೊಂಡು ಯಾರೂ ಬರಲಿಲ್ಲ.

ಮರುದಿನ ಹೆಂಗಸು ಎಂದಿನಂತೆ ಜಾಗಟೆ ಹೊಡೆದಳು. ಅಂಗೈ ಇಟ್ಟು ಕಿವಿಗೊಟ್ಟಳು. "ಓ" ಎಂದು ಕೇಳಿತು. ಮತ್ತೆ ಹೊಡೆದಳು. "ಓ." ಅದು ಹತ್ತಿರ ಬರಲಿಲ್ಲ. ದೂರವೂ ಹೋಗಲಿಲ್ಲ. ದಾಟುವವರೆಲ್ಲ ದಾಟಿ ಬಂದರು. ಮಂಜು ಹೋಯಿತು. ಜವುಗು ಖಾಲಿಯಾಗಿ ಹೊಳೆಯುತ್ತಿತ್ತು. ಅವಳು ಇನ್ನೊಂದು ಪೆಟ್ಟು ಹೊಡೆದಳು.

"ಓ."

ಸದ್ದು ಬಂದ ಕಡೆ ಕೊಕ್ಕರೆಗಳು ನಿಂತಿದ್ದವು. ಒಂದೂ ಹಾರಲಿಲ್ಲ.

ವರ್ತಕನಿಗೆ ಹೇಳಿ ಕಳಿಸಿದರು. ಅವನು ನಡು ಮಧ್ಯಾಹ್ನ ಬಂದು ಆ ದನಿಯನ್ನು ಕೇಳಿದ. ಅವನ ಮುಖ ಬಿಳಿಚಿತು. "ಪ್ರತಿಧ್ವನಿ ಇರಬೇಕು," ಎಂದ.

"ಪ್ರತಿಧ್ವನಿ ಆದರೆ ಢಣ್ ಅನ್ನಬೇಕಿತ್ತು, ಧಣಿ. ಇದು ಓ ಅಂತಿದೆ."

ಹೆಂಗಸು ದಡದ ಅಂಚಿಗೆ ಹೋಗಿ ಕೂಗಿದಳು. "ಯಾವ ಊರಪ್ಪ ನಿನ್ನದು? ಯಾರ ಮನೆಯವನು?" ಅದಕ್ಕೆ ಉತ್ತರ ಬರಲಿಲ್ಲ. ಜಾಗಟೆ ಹೊಡೆದರೆ ಮಾತ್ರ ಓಗೊಡುತ್ತಿತ್ತು.

ಕೆಲವು ದಿನ ವರ್ತಕ ಆ ಕಡೆ ಸುಳಿಯಲಿಲ್ಲ. ಆಮೇಲೆ ಹೆದರಿಕೆ ಹಳೆಯದಾಯಿತು. ಜೋಳ ಎರಡರಷ್ಟು ಕೊಟ್ಟ. ಜಾಗಟೆಯಿಂದ ಏನಾಗುತ್ತದೆ ಎಂಬುದು ಅವನಿಗೆ ಈಗ ಗೊತ್ತಾಗಿತ್ತು. ಇತರರಿಗೂ ಗೊತ್ತಾಗಲಿ ಎಂದು ಬೇರೆ ಊರುಗಳ ವರ್ತಕರನ್ನು ಕರೆತಂದ. ದಡದಲ್ಲಿ ಚಾಪೆ ಹಾಸಿ ಕೂರಿಸಿ, "ಬಾರಿಸವ್ವ," ಎಂದ. ಅವಳು ಬಾರಿಸಿದಳು. "ಓ" ಎಂದು ಕೇಳಿತು. ಬಂದವರ ಮೈ ಜುಮ್ಮೆಂದಿತು. ಇಷ್ಟು ಒಳ್ಳೆಯ ಕೆಲಸವೆಂದು ಗೊತ್ತಿರಲಿಲ್ಲ ಎಂದು ಕೈತುಂಬ ಕೊಟ್ಟರು.

ಅವರಲ್ಲಿ ಒಬ್ಬನ ಊರಿನಲ್ಲೂ ಒಂದು ಜವುಗಿತ್ತು, ಒಂದು ಜಾಗಟೆಯಿತ್ತು. ಎಲ್ಲರೂ ಎದ್ದ ಮೇಲೆ ಅವನು ವರ್ತಕನ ಕಿವಿಯಲ್ಲಿ ಕೇಳಿದ.

"ಇಂಥದ್ದೊಂದು ನಮ್ಮಲ್ಲೂ ಇರಬೇಕಲ್ಲ. ನೀವು ಎಷ್ಟು ದಿನ ನಿಲ್ಲಿಸಿದಿರಿ?"

"ಒಂದೇ ಬೆಳಗು. ಸಾಕಾಯಿತು," ಎಂದ ವರ್ತಕ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ವಾರಿಜ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

"ಆ ಹೆಂಗಸು?"

"ಅವಳು ಆಮೇಲೆ ಬಿಸಿಲಿನಲ್ಲೂ ಬಾರಿಸುತ್ತಿದ್ದಳು. ಯಾರೂ ಕಾಣದ ಜವುಗಿನ ಕಡೆ ಕೈ ಬೀಸಿ, 'ಹೀಗೆ ಬಾ, ಈ ಕಡೆ ಬಾ' ಎನ್ನುತ್ತಿದ್ದಳಂತೆ."

ವಾರಿಜ ಕೇಳಿದಳು. "ಹಾಗಾದರೆ ನಾವು ಏನನ್ನೂ ತೋರಿಸಬಾರದೇ?"

"ತೋರಿಸಬೇಕು. ಕೊಡುವವನು ಕೇಳುವುದರಲ್ಲಿ ತಪ್ಪೇನಿದೆ? ವರ್ತಕನನ್ನು ಒಂದು ಬೆಳಿಗ್ಗೆ ಆಚೆ ದಡಕ್ಕೆ ಕರೆದೊಯ್ದು, ಮಂಜಿನಲ್ಲಿ ಜಾಗಟೆಯ ಸದ್ದು ಹಿಡಿದು ನಡೆದು ಬಾ ಎನ್ನಬಹುದಿತ್ತು. ಅದು ಅವಳಿಗೆ ಹೊಳೆಯಲಿಲ್ಲ. ಇರಲಿ. ಹೋಗದೆ ಬಿಡುವ ಕೇರಿ ಯಾವುದೆಂದು ನಿಮ್ಮಲ್ಲಿ ಮಾತಾಗಿದೆಯೇ?"

"ಆಗಿದೆ. ಕಂಚುಗಾರರ ಕೇರಿ."

"ಅಲ್ಲಿ ಈಗ ಬಸುರಿಯರು ಇದ್ದಾರೆಯೇ?"

ವಾರಿಜ ಹೂಂ ಎಂಬಂತೆ ತಲೆಯಾಡಿಸಿದಳು.

"ಅವರಲ್ಲಿ ಒಬ್ಬಳ ಹೆಸರು ಹೇಳು, ಮಗು," ಎಂದರು ಗುರುಗಳು.