ಕೋಳಿಯೊಳಗಿನ ಶಕ್ತಿ

ಚಿಕ್ಕತಾಯಮ್ಮನಿಗೆ ಒಬ್ಬನೇ ಮಗ. ಒಬ್ಬನೇ ಆದದ್ದು ಊರಿನ ಪುಣ್ಯ! ಹೆಸರು ಮರಿಸ್ವಾಮಿ. ವಯಸ್ಸು ಮೂವತ್ತು, ಮೀಸೆ ಗೇಣುದ್ದ, ತಲೆಯೊಳಗೆ ಬರೀ ಹೊಟ್ಟು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ರೋಗ.

ತಾಯಿ ಮಗನ ಬದುಕೆಲ್ಲ ಹಿತ್ತಲಿನ ನಾಟಿ ಕೋಳಿಗಳ ಮೇಲೆ. ಆ ವರ್ಷ ಕೋಳಿಗಳು ತೂಕಡಿಸುತ್ತ ಕೂತವು. ಮರಿಗಳು ಬೆಳೆಯದೆ ಒಂದೊಂದೇ ಸತ್ತು, ಕೊನೆಗೆ ಉಳಿದದ್ದು ಹುಂಜವೂ ಸೇರಿ ಹನ್ನೆರಡು. ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದು ಲಸಿಕೆ ಹಾಕಿ ಹೇಳಿದರು: "ಇದರ ಜೊತೆಗೆ ಬೆಳ್ಳುಳ್ಳಿ, ನುಗ್ಗೆಸೊಪ್ಪು, ಅರಿಶಿನ ಕೊಡಿ ತಾಯಮ್ಮ. ಮೈ ಹಿಡೀತವೆ. ರೋಗ ತಡೆಯೋ ಶಕ್ತಿ ಬರುತ್ತೆ."

ತಾಯಮ್ಮ ಮಗನನ್ನು ಕರೆದಳು. "ಲೋ ಮರಿ, ಬೆಳ್ಳುಳ್ಳಿ ಜಜ್ಜಿ ಕುಡಿಯೋ ನೀರಿಗೆ ಹಾಕೋ!"

"ಆಯ್ತವ್ವ!"

ಜಜ್ಜಿದ. ಹಾಕಿದ. ಎಲ್ಲಿಗೆ? ಅಡುಗೆಮನೆಯ ಹಂಡೆಗೆ! ತಾಯಮ್ಮ ಒಂದು ಲೋಟ ಗಟಗಟ ಕುಡಿದು ಥೂ ಎಂದು ಉಗಿದಳು.

"ಅಯ್ಯೋ ಬೆಪ್ಪುತಕ್ಕಡಿ! ನನ್ನ ಬಾಯಿಗೇನೋ ಹಾಕೋದು? ಮೊದಲು ಕೋಳಿ ಬಾಯಿಗೆ ಹಾಕ್ಬೇಕು!"

"ಆಯ್ತವ್ವ! ಮೊದಲು ಕೋಳಿ ಬಾಯಿಗೆ."

ಮಾರನೆ ದಿನ ಸೋದರಮಾವನ ಮನೆಯಿಂದ ಒಬ್ಬಟ್ಟಿನ ಡಬ್ಬಿ ತರಲು ಹೋದ. ತಂದ. ನೆಟ್ಟಗೆ ಹಿತ್ತಲಿಗೆ ನಡೆದ. ತಾಯಮ್ಮ ಎಲೆ ಹಾಕಿಕೊಂಡು, ತುಪ್ಪ ಕಾಯಿಸಿಕೊಂಡು ಕಾದಳು. ಬಂದದ್ದು ಖಾಲಿ ಡಬ್ಬಿ.

"ಒಬ್ಬಟ್ಟೆಲ್ಲೋ?"

"ಮೊದಲು ಕೋಳಿ ಬಾಯಿಗೆ ಅಂದ್ಯಲ್ಲವ್ವ! ಅವು ನಮಗೆ ಉಳಿಸಲೇ ಇಲ್ಲ."

"ನಿನ್ನನ್ನ ಹೆತ್ತ ಹೊಟ್ಟೆಗೆ ಬೆಂಕಿ ಹಾಕ! ಕೋಳಿಗೆ ಒಬ್ಬಟ್ಟು ಹಾಕ್ತಾರೇನೋ? ಹಸಿರು ಹಾಕ್ಬೇಕು, ಹಸಿರು! ಸಣ್ಣಗೆ ಹೆಚ್ಚಿ ಹಾಕು!"

"ಆಯ್ತವ್ವ! ಹಸಿರು. ಸಣ್ಣಗೆ."

ಹಿತ್ತಲಲ್ಲಿ ನುಗ್ಗೆಮರ ತೊನೆಯುತ್ತಿತ್ತು. ಈ ಮಹಾರಾಯ ತಲೆ ಎತ್ತಿದರೆ ತಾನೆ! ಕಣ್ಣೆದುರಿಗೆ ತಂತಿಯ ಮೇಲೆ ತಾಯಮ್ಮನ ಹಸಿರು ರೇಷ್ಮೆ ಸೀರೆ ಒಣಗುತ್ತಿತ್ತು. ಈಳಿಗೆಮಣೆ ತಂದು ಅಂಚು ಸೆರಗು ಒಂದೂ ಬಿಡದೆ ಹೆಚ್ಚಿದ.

ತಾಯಮ್ಮ ನೆಲಕ್ಕೆ ಕುಸಿದಳು. ಅದು ಅವಳ ಧಾರೆ ಸೀರೆ.

"ಕೋಳಿ ಮೂಸಿಯೂ ನೋಡ್ತಿಲ್ಲವ್ವ," ಎಂದು ಅವನದೇ ದೂರು!

"ಅವಕ್ಕೆ ಬುದ್ಧಿಯಿದೆ ಕಣೋ, ನಿನಗಿಲ್ಲ! ಯಾರೋ ಏನೋ ಅಂದ್ರು ಅಂತ ಕುಣೀಬೇಡ! ಏನಿದ್ರೂ ನಿನ್ನ ಕಣ್ಣಾರೆ ನೋಡಿ ಖಾತ್ರಿ ಮಾಡ್ಕೋ!"

"ಆಯ್ತವ್ವ! ಕಣ್ಣಾರೆ ನೋಡ್ತೀನಿ."

ಆಮೇಲೆ ಅವಳು ಅವನನ್ನು ಕೋಳಿಗಳ ಹತ್ತಿರ ಬಿಡಲಿಲ್ಲ. ತಾನೇ ಬೆಳ್ಳುಳ್ಳಿ ನೀರಿಟ್ಟಳು, ತಾನೇ ನುಗ್ಗೆಸೊಪ್ಪು ಹೆಚ್ಚಿದಳು, ರಾಗಿ ನುಚ್ಚಿಗೆ ಚಿಟಿಕೆ ಅರಿಶಿನ ಬೆರೆಸಿದಳು. ಎರಡು ತಿಂಗಳಿಗೆ ಕೋಳಿಗಳ ಜುಟ್ಟು ಕೆಂಪಾಯಿತು, ಪುಕ್ಕ ಮಿರಿಮಿರಿ ಮಿಂಚಿತು. ಅಕ್ಕಪಕ್ಕದ ಹಟ್ಟಿಗಳಲ್ಲಿ ಕೋಳಿಗಳನ್ನು ಸಾಲುಸಾಲಾಗಿ ಕೊಲ್ಲುವ ಕೊಕ್ಕರೆ ರೋಗ ಬಂತು. ಇವಳ ಹನ್ನೆರಡೂ ಗಟ್ಟಿಯಾಗಿ ನಿಂತವು. ಡಾಕ್ಟರಮ್ಮ ಬಂದು ಬೆನ್ನು ತಟ್ಟಿದರು. "ಭೇಷ್ ತಾಯಮ್ಮ! ಒಂದೊಂದರ ಒಳಗೂ ಶಕ್ತಿ ತುಂಬಿಕೊಂಡಿದೆ!"

ತಾಯಮ್ಮನ ಕಣ್ಣು ತುಂಬಿತು. ಮರಿಸ್ವಾಮಿ ಬಾಯಿ ತೆರೆದು ಕೇಳಿಸಿಕೊಂಡ.

ಡಾಕ್ಟರಮ್ಮನನ್ನು ಬಸ್ಸಿನವರೆಗೆ ಬಿಟ್ಟು ತಾಯಮ್ಮ ಹಿಂತಿರುಗಿದಳು. ಹಿತ್ತಲ ತುಂಬ ಪುಕ್ಕ! ನಡುವೆ ಮಚ್ಚು ಹಿಡಿದು, ಮೊಣಕೈವರೆಗೆ ರಕ್ತ ಮಾಡಿಕೊಂಡು ಮರಿಸ್ವಾಮಿ ಕೂತಿದ್ದ. ಮುಖದಲ್ಲಿ ಭಾರಿ ಕೋಪ.

"ಆ ಡಾಕ್ಟರಮ್ಮ ಶುದ್ಧ ಸುಳ್ಳಿ ಕಣವ್ವ! ಹನ್ನೊಂದನ್ನ ಕೊಯ್ದು ಕಣ್ಣಾರೆ ನೋಡ್ದೆ. ಒಂದ್ರೊಳಗೂ ಶಕ್ತಿ ಇಲ್ಲ, ಬರೀ ಕರುಳು! ಹುಂಜ ಬೇಲಿ ಹಾರ್ತಾ ಇದೆ, ಎಲ್ಲಾ ಅದ್ರಲ್ಲೇ ಇರ್ಬೇಕು. ಓಡವ್ವ, ಹಿಡ್ಕೋ!"