ಮಠದ ದೋಣಿಗೆ ದೊಡ್ಡ ಪಂಪು

ಹೊಳೆಯ ದಂಡೆಯಲ್ಲೊಂದು ಮಠ. ಮಠಕ್ಕೊಂದು ದೋಣಿ. ದೋಣಿಗೊಂದು ಮುದಿ ಡೀಸೆಲ್ ಎಂಜಿನ್.

ದೋಣಿ ನಡೆಸುವವನು ಶಿಷ್ಯ ಮಾದಲಿಂಗ. ಆಚೆ ದಡದ ಊರಿನವರಿಗೆ ಆಸ್ಪತ್ರೆ, ಸಂತೆ, ಶಾಲೆ ಎಲ್ಲ ಈಚೆ ದಡದಲ್ಲೇ. ದೋಣಿ ನಿಂತರೆ ಅವರ ಕಾಲೂ ನಿಂತಂತೆ.

ಆ ವರ್ಷ ಹೊಳೆ ತುಂಬಿ ಬಂತು. ದೋಣಿಗೆ ಸೆಳವಿನ ಎದುರು ಏರಲು ಆಗಲಿಲ್ಲ. ಎಂಜಿನ್ ಕೆಮ್ಮಿತು, ಕರಿಹೊಗೆ ಕಾರಿತು, ದೋಣಿ ಹೊಳೆ ಎಳೆದತ್ತ ಹೋಯಿತು. ಆಚೆ ದಡ ಮುಟ್ಟುವಷ್ಟರಲ್ಲಿ ಊರೆಲ್ಲೋ, ದೋಣಿಯೆಲ್ಲೋ.

ಊರಿನ ಮುದುಕಿ ಚೆಲುವಾಜಮ್ಮ ಕೆಸರು ತುಳಿದುಕೊಂಡು ಅಲ್ಲಿಯವರೆಗೂ ಬಂದು, ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಿನ್ನ ದೋಣಿಗಿಂತ ನಮ್ಮ ಎಮ್ಮೆ ವಾಸಿ ಕಣಪ್ಪ. ಹೊಡೆದ ಕಡೆಗಾದರೂ ಈಜ್ತದೆ."

"ಎಂಜಿನ್ನಿಗೆ ವಯಸ್ಸಾಯ್ತು, ಅಜ್ಜಿ."

"ನಂಗೂ ವಯಸ್ಸಾಯ್ತು. ನಾನೇನು ಹೊಗೆ ಬಿಡ್ತೀನಾ? ಸೊಸೆಗೆ ದಿನ ತುಂಬೈತೆ. ನೋವು ಬಂದರೆ ಗಳಕ್ಕೆ ಸೀರೆ ಕಟ್ಟಿ ಎತ್ತಿ ತೋರಿಸ್ತೀನಿ. ಅವತ್ತೂ ಹಿಂಗೇ ತೇಲ್ಕೊಂಡು ಹೋದರೆ, ಸ್ವಾಮಿಗಳ ಶಿಷ್ಯ ಅಂತಾನೂ ನೋಡಾಕಿಲ್ಲ."

ಮಾದಲಿಂಗನ ನಿದ್ದೆ ಹಾರಿಹೋಯಿತು. ಪಟ್ಟಣದ ಅಂಗಡಿಗೆ ಫೋನ್ ಮಾಡಿದ. ಎಂಜಿನ್ನಿನೊಳಕ್ಕೆ ಡೀಸೆಲ್ ಒತ್ತಿ ಚಿಮ್ಮಿಸುವ ಪಂಪನ್ನು ಬದಲಾಯಿಸಿದರೆ ಹಳೇ ಎಂಜಿನ್ನಿಗೂ ಜೋರು ಬರುತ್ತದೆ ಎಂದರು. ಎರಡು ಬಗೆ ಇವೆಯಂತೆ. ಒಂದು ದೊಡ್ಡದು, ಒಂದು ಇನ್ನೂ ದೊಡ್ಡದು. ಯಾವುದು ಬೇಕೆಂದು ಇವನೇ ಹೇಳಬೇಕಂತೆ.

ಗುರುಗಳು ಅಡುಗೆಮನೆಯಲ್ಲಿ ಗಂಜಿಗೆ ಇಟ್ಟುಕೊಂಡು ಕೂತಿದ್ದರು.

"ಬುದ್ಧಿ, ದೋಣಿಗೆ ದೊಡ್ಡ ಪಂಪ್ ತರಲೋ, ಇನ್ನೂ ದೊಡ್ಡದು ತರಲೋ?"

"ಹೊಗೆ ಯಾವ ಬಣ್ಣ?"

"ಕಪ್ಪು, ಬುದ್ಧಿ. ಪಂಪ್..."

"ಒಂದು ಸೌದೆ ಕೊಡು."

ಒಲೆ ಮೊದಲೇ ಬಾಯಿ ತುಂಬ ಸೌದೆ ಕಚ್ಚಿಕೊಂಡು ಹೊಗೆಯಾಡುತ್ತಿತ್ತು. ಕೊಟ್ಟದ್ದನ್ನೂ ಗುರುಗಳು ಅದರೊಳಗೆ ತುರುಕಿದರು.

"ಇನ್ನೊಂದು."

"ಜಾಗ ಇಲ್ಲ, ಬುದ್ಧಿ."

"ಹಾಗಾದರೆ ಇನ್ನೂ ದೊಡ್ಡದು ಕೊಡು."

ಹೊಗೆ ಸೂರು ಮುಟ್ಟಿತು. ಇಬ್ಬರ ಕಣ್ಣಲ್ಲೂ ನೀರು. ಗಂಜಿ ಮಾತ್ರ ತಣ್ಣಗಿತ್ತು.

"ಬುದ್ಧಿ, ನಾನು ಎಂಜಿನ್ ವಿಷಯ ಕೇಳಿದೆ. ನೀವು ಒಲೆ ತೋರಿಸ್ತಿದ್ದೀರಿ."

"ನಾನು ಎಂಜಿನ್ನೇ ತೋರಿಸ್ತಿದ್ದೀನಿ. ನೀನು ಒಲೆ ನೋಡ್ತಿದ್ದೀಯ."

ಮಾದಲಿಂಗ ಕೆಮ್ಮುತ್ತ ಹೊರಗೆ ಬಂದ. ಒಂದು ಪ್ರಶ್ನೆಗೆ ಒಂದು ಉತ್ತರ ಕೊಟ್ಟು ಈ ಮನುಷ್ಯನಿಗೆ ಅಭ್ಯಾಸವೇ ಇಲ್ಲವಲ್ಲ ಎಂದು ಮನಸ್ಸಿನಲ್ಲೇ ಗೊಣಗಿದ. ಗೊಣಗಿದ್ದಕ್ಕೆ ಮನಸ್ಸಿನಲ್ಲೇ ಗಲ್ಲ ಬಡಿದುಕೊಂಡ.

ಮರುದಿನ ಮತ್ತೆ ಕೇಳಿದ.

ಗುರುಗಳು ಮೂಗಿನ ಎರಡೂ ಹೊಳ್ಳೆಗಳನ್ನು ಬೆರಳಿನಿಂದ ಒತ್ತಿ ಹಿಡಿದು, ಬಾಯಿ ಮುಚ್ಚಿ ಕೂತರು. ಮುಖ ಕೆಂಪಾಗುತ್ತ ಬಂತು.

ಪ್ರಾಣಾಯಾಮವಿರಬೇಕೆಂದು ಮಾದಲಿಂಗ ಕೈಮುಗಿದು ಸದ್ದಿಲ್ಲದೆ ಎದ್ದುಬಂದ.

ಇನ್ನು ಇವರನ್ನು ಕೇಳಿ ಪ್ರಯೋಜನವಿಲ್ಲ ಅನ್ನಿಸಿತು. ಇನ್ನೂ ದೊಡ್ಡದನ್ನೇ ಕಳಿಸಿ ಎಂದು ಅಂಗಡಿಗೆ ಹೇಳಿದ. ನಾಳೆ ಬಸ್ಸಿಗೆ ಹಾಕುತ್ತೇವೆ ಎಂದರು.

ಸೀರೆ ಅವತ್ತೇ ಎದ್ದಿತು.

ಆಚೆ ದಡದಲ್ಲಿ, ಗಳದ ತುದಿಯಲ್ಲಿ, ಕೆಂಪಗೆ. ಮಾದಲಿಂಗ ಓಡಿದ. ಎಂಜಿನ್ ಚಾಲೂ ಮಾಡಿದ. ಹಗ್ಗ ಬಿಚ್ಚಿದ. ದೋಣಿ ಒಂದು ಮಾರು ಮುಂದೆ ಹೋಗಿ, ಎರಡು ಮಾರು ಕೆಳಗೆ ಜಾರಿ, ಮತ್ತೆ ದಡಕ್ಕೇ ಬಂದು ಒರಗಿತು. ಹೊಳೆಗಿಳಿಯುವ ಮೆಟ್ಟಿಲುಗಳ ಮೇಲೆಲ್ಲ ಕರಿಹೊಗೆ.

ಆ ಹೊಗೆಯೊಳಗಿಂದ ಗುರುಗಳು ಕೋಲೂರಿಕೊಂಡು ಇಳಿದು ಬಂದರು. ಮಂಡಿನೋವು ಹತ್ತಿದ ಮೇಲೆ ಅವರು ದೋಣಿಯ ಹತ್ತಿರ ಬಂದೇ ಇರಲಿಲ್ಲ.

"ಎಂಜಿನ್ ನಿಲ್ಲಿಸು. ಅದರ ತಲೆ ಮೇಲೆ ಏನೋ ಅದು, ಕುಂಬಳಕಾಯಿ ಗಾತ್ರಕ್ಕೆ?"

"ನಿಮ್ಮ ಬಟ್ಟೆ, ಬುದ್ಧಿ. ಆಯುಧಪೂಜೆಗೆ ಪ್ರತಿ ವರ್ಷ ನೀವು ಉಟ್ಟು ಬಿಟ್ಟ ಕಾವಿ ಒಂದನ್ನ ಕಟ್ತೀನಿ."

"ಹಳೇದನ್ನ ಬಿಚ್ಚಿ?"

"ನಿಮ್ಮ ಬಟ್ಟೆ ಬಿಚ್ಚೋದಾ? ಅದರ ಮೇಲೇ ಕಟ್ತೀನಿ."

"ಎಂಜಿನ್ ಗಾಳಿ ಎಳ್ಕೊಳ್ಳೋ ಜಾಗ ಅಲ್ಲವೇನೋ ಅದು?"

"ಹೌದು, ಬುದ್ಧಿ."

"ಗೊತ್ತಿತ್ತಾ?"

"ಗೊತ್ತಿತ್ತು." ಮಾದಲಿಂಗ ತಲೆ ತಗ್ಗಿಸಿದ. "ಆದರೆ ನಿಮ್ಮ ಬಟ್ಟೆ ಅಲ್ವಾ. ಅದು ಯಾಕೆ ಅಡ್ಡ ಬರುತ್ತೆ ಅಂತ."

ಗುರುಗಳು ಕಣ್ಣು ಮುಚ್ಚಿಕೊಂಡರು. ಧ್ಯಾನಕ್ಕಲ್ಲ ಎಂಬುದು ಮಾದಲಿಂಗನಿಗೂ ತಿಳಿಯಿತು.

"ಬಿಚ್ಚು."

"ಕೈ ಬರೋದಿಲ್ಲ, ಬುದ್ಧಿ. ನಾಳೆ ಹೊಸ ಪಂಪ್ ಬರುತ್ತೆ, ನಾಳೆ..."

ಗುರುಗಳು ಕೋಲೆತ್ತಿ ಆಚೆ ದಡ ತೋರಿಸಿದರು. ಸೀರೆ ಇಳಿಯಿತು, ಮತ್ತೆ ಎದ್ದಿತು.

"ಹಾಗಾದರೆ ಈಜಿ ಹೋಗಿ ಆ ಹುಡುಗಿಗೆ ಹೇಳು. ನಾಳೆ ಹೆರಮ್ಮ ಅಂತ."

ಮಾದಲಿಂಗ ಕುಡುಗೋಲು ತೆಗೆದುಕೊಂಡ. ಹೊರಗಿನದು ಇನ್ನೂ ಕಾವಿಯಾಗಿತ್ತು. ಅದರ ಒಳಗಿನದು ಕಂದು, ಅದರೊಳಗಿನದು ಕಪ್ಪು. ಕೊನೆಯದು ಎಣ್ಣೆ, ಧೂಳು ಕುಡಿದು ಚರ್ಮದ ಹಾಗೆ ಗಟ್ಟಿಯಾಗಿತ್ತು. ಒಂದೊಂದು ಸುತ್ತು ಕೊಯ್ದು ಮೆಟ್ಟಿಲ ಬುಡಕ್ಕೆ ಹಾಕುವಾಗಲೂ ತುಟಿಯಲ್ಲೇ ಕ್ಷಮೆ ಕೇಳಿದ.

ಎಂಜಿನ್ ಚಾಲೂ ಮಾಡಿದ. ಕೆಮ್ಮಲಿಲ್ಲ. ದಪ್ಪಗೆ ಒಂದು ಉಸಿರು ಎಳೆದುಕೊಂಡಿತು. ಹೊಗೆ ಕಪ್ಪಿನಿಂದ ಬೂದು ಬಣ್ಣಕ್ಕೆ ತಿರುಗಿ, ಆಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಯಿತು. ದೋಣಿ ಸೆಳವಿಗೆ ಮುಖ ಕೊಟ್ಟು, ಓರೆಯಾಗಿ ಏರಿ, ಸೀರೆಯ ಬುಡಕ್ಕೇ ಹೋಗಿ ಮುಟ್ಟಿತು.

ವಾಪಸ್ಸು ಬರುವಾಗ ಚೆಲುವಾಜಮ್ಮ ನರಳುವ ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೇಳಿದಳು.

"ಇದಕ್ಕೇನಪ್ಪ ಕುಡಿಸಿದೆ ಇವತ್ತು, ನಮ್ಮ ಎಮ್ಮೆ ಹಾಲಾ?"

ಮೆಟ್ಟಿಲುಗಳ ಮೇಲ್ಗಡೆ ಆಟೋ ಕಾಯುತ್ತಿತ್ತು. ಅವರನ್ನು ಹತ್ತಿಸಿ ಮಾದಲಿಂಗ ಹಿಂದಿರುಗಿದಾಗ ಗುರುಗಳು ಅದೇ ಮೆಟ್ಟಿಲ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದರು.

"ಹಾಗಾದರೆ ಪಂಪ್ ಬೇಡ ಅಂತ ಹೇಳಲಾ, ಬುದ್ಧಿ?"

"ಮೊದಲು ಉಸಿರಾಡಲಿ. ಆಮೇಲೂ ಹಸಿವು ಅಂದರೆ ವಿಚಾರಿಸೋಣ."

ಮಾದಲಿಂಗ ಕಾಲು ಮುಟ್ಟಲು ಬಗ್ಗಿದ.

ಗುರುಗಳು ಕಾಲು ಹಿಂದಕ್ಕೆಳೆದುಕೊಂಡರು. "ಕೈ ನೋಡಿಕೊಳ್ಳೋ. ಪೂರ್ತಿ ಮಸಿ. ಒರೆಸಿಕೊಂಡು ಬಾ."

"ಯಾವುದರಲ್ಲಿ, ಬುದ್ಧಿ?"

ಗುರುಗಳು ಮೆಟ್ಟಿಲ ಕೆಳಗೆ ಗುಡ್ಡೆ ಬಿದ್ದಿದ್ದ ಕಾವಿಯ ಕಡೆಗೆ ಕೋಲು ಚಾಚಿದರು.

ಮಾದಲಿಂಗ ಎರಡು ಹೆಜ್ಜೆ ಹೋದ. ಎಲ್ಲಕ್ಕಿಂತ ಮೇಲಿನದನ್ನು ಎತ್ತಿಕೊಂಡ. ಕಣ್ಣಿಗೊತ್ತಿಕೊಂಡ. ಹಾಗೇ ನಿಂತುಬಿಟ್ಟ.

"ಅದು ಬಟ್ಟೆ ಕಣೋ," ಎಂದರು ಗುರುಗಳು.